ಕಪ್ಪು ಹಲಗೆಯೂ ಬಿಳಿಯ ಹಾಳೆಯೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಅದು ಕಟ್ಟಡದ ವೃತ್ತಾಂತ, ಪರೀಕ್ಷೆಗಳ ಫಲಿತಾಂಶ, ದಾನಿಗಳ ಉಪಕಾರಸ್ಮರಣೆ ಇವುಗಳಿಂದ ಕೂಡಿರಬೇಕೆಂಬುದು ರೂಢಿ. ಆ ಸಂಗತಿಗಳೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ಅವನ್ನು ಇಲ್ಲಿ ಪುನಃ ಹೇಳಿ ನಿಮ್ಮ ತಾಳ್ಮೆಯನ್ನು ಪರೀಕ್ಷಿಸಲಾರೆವು. ನಮಗೆ ಕೊಟ್ಟಿರುವ ಈ ಪುಟಗಳನ್ನು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ, ಆ ತಪ್ಪಿನಿಂದ ಕಲಿತ ಪಾಠವನ್ನು ನಿಮಗೆ ಅರಿಕೆ ಮಾಡುವುದಕ್ಕೂ ಉಪಯೋಗಿಸಬೇಕೆಂದು ನಿಶ್ಚಯಿಸಿದ್ದೇವೆ. ವಿಷಯವು ಮೇಲ್ನೋಟಕ್ಕೆ ಅತ್ಯಲ್ಪವಾದುದು. ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಓದುವಾಗ ಪರದೆಯು ಬಿಳುಪಾಗಿದ್ದು ಅಕ್ಷರಗಳು ಕಪ್ಪಾಗಿರುವುದು ಕಣ್ಣಿಗೆ ಒಳ್ಳೆಯದೋ, ಪರದೆಯು ಕಪ್ಪಾಗಿದ್ದು ಅಕ್ಷರಗಳು ಬಿಳುಪಾಗಿರುವುದು ಒಳ್ಳೆಯದೋ ಎಂಬುದೇ ಪ್ರಶ್ನೆ. ಇಷ್ಟು ಚಿಕ್ಕ ಪ್ರಶ್ನೆಯ ಹಿಂದೆ ಒಬ್ಬ ಬಾಲಕಿಯ ಒಂದು ವರ್ಷದ ವಿದ್ಯಾಭ್ಯಾಸವು ಅಡಗಿರಬಹುದೆಂದು ನಾವು ಮುಂಚೆ ಎಣಿಸಿರಲಿಲ್ಲ.

ಕಪ್ಪಿನ ಮೇಲೆ ಬಿಳಿಯ ಅಕ್ಷರವನ್ನು ಓದುವುದು ನಮಗೆ ಹೊಸತಲ್ಲ. ನಾವು ಚಿಕ್ಕವರಾಗಿದ್ದಾಗ ಸ್ಲೇಟಿನ ಮೇಲೆ ಬಳಪದಿಂದಲೇ ಅ ಆ ಇ ಈ ತಿದ್ದಿದೆವು. ಬೇಲಿಯ ಬುಡದಲ್ಲಿ ಬೆಳೆಯುತ್ತಿದ್ದ ನೀರುಕಡ್ಡಿಯನ್ನು ಕಿತ್ತು ತಂದು ಸ್ಲೇಟನ್ನು ಒರೆಸುತ್ತಿದ್ದ ದಿನಗಳನ್ನು ನಮ್ಮ ವಯಸ್ಸಿನ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಅದಕ್ಕೂ ಹಿಂದೆ ನಮ್ಮ ನಾಡಿನಲ್ಲಿ ಕಡತಗಳಿದ್ದುವು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ ಒಣಗಿಸಿ, ಒಂದರ ಮೇಲೊಂದು ಪದರವಾಗಿ ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದರು. ಶೃಂಗೇರಿಯ ಮಠದಲ್ಲಿ ಅಂಥ ಕಡತಗಳು ದೊರೆತಿರುವುದು ಇತಿಹಾಸವನ್ನು ಓದಿದವರಿಗೆ ತಿಳಿದ ವಿಷಯವೇ. ಇಂದು ಕಚೇರಿಯ ಕಾಗದದ ಕಟ್ಟಿಗೂ ‘ಕಡತ’ವೆಂದೇ ಹೆಸರುಳಿದಿದೆ. ಓಲೆಗರಿಯ ರೀತಿಯಾದರೋ ಇದಕ್ಕೆ ವಿರುದ್ಧವಾದುದು. ಕಬ್ಬಿಣದ ಮೊನೆಯಿಂದ ಗರಿಯ ಮೇಲೆ ಕೊರೆದು, ಮಸಿಯನ್ನು ಬಳಿದು ಒರೆಸಿದರೆ, ತಿಳಿಬಣ್ಣದ ಗರಿಯಲ್ಲಿ ಕಪ್ಪು ಅಕ್ಷರಗಳು ಮೂಡುತ್ತಿದ್ದುವು. 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಮುದ್ರಿತವಾದ ‘ಮಂಗಳೂರ ಸಮಾಚಾರ’ವು ಹೊರಟ ಮೇಲೆ ನಮ್ಮ ಕನ್ನಡಿಗರ ಕಣ್ಣು ಕ್ರಮೇಣ ಬಿಳಿಯ ಕಾಗದಕ್ಕೆ ಒಗ್ಗಿತು. ಹೀಗೆ ಕಪ್ಪು, ಬಿಳುಪು ಎರಡನ್ನೂ ನಮ್ಮ ಹಿರಿಯರು ಬಳಸಿದ್ದಾರೆ. ಒಂದನ್ನು ಹೊಗಳಿ ಇನ್ನೊಂದನ್ನು ತೆಗಳಿದವರಲ್ಲ.

ಕಂಪ್ಯೂಟರಿನ ಚರಿತ್ರೆಯೂ ಇದೇ ದಾರಿಯಲ್ಲಿ ನಡೆದಿದೆ. 1981ರಲ್ಲಿ ಐಬಿಎಂ ಕಂಪೆನಿಯವರು ಮನೆಗೂ ಕಚೇರಿಗೂ ಸಲ್ಲುವ ಚಿಕ್ಕ ಕಂಪ್ಯೂಟರನ್ನು ಮಾರಾಟಕ್ಕೆ ತಂದಾಗ ಅದರ ಒಂದು ಬಗೆಯ ಪರದೆಯಲ್ಲಿ ಕಪ್ಪಿನ ಮೇಲೆ ಹಸುರು ಅಕ್ಷರಗಳು ಹೊಳೆಯುತ್ತಿದ್ದುವು. ಆಗಿನ ಗಾಜಿನ ಪರದೆಯಲ್ಲಿ ವಿದ್ಯುತ್ಕಿರಣವು ಬಿದ್ದ ಚುಕ್ಕೆಯು ಮಾತ್ರ ಬೆಳಗುತ್ತಿತ್ತು. ಪರದೆಯನ್ನೆಲ್ಲ ಬೆಳ್ಳಗೆ ಮಾಡಿದರೆ ಅದು ಮಿನುಗುವುದು ಕಣ್ಣಿಗೆ ತೋರಿ ಬೇಸರವಾಗುತ್ತಿತ್ತು. 1984ರಲ್ಲಿ ಆಪಲ್ ಕಂಪೆನಿಯ ಮ್ಯಾಕಿಂಟಾಷ್ ಯಂತ್ರವು ಬಿಳಿಯ ಪರದೆಯ ಮೇಲೆ ಕಪ್ಪು ಅಕ್ಷರಗಳನ್ನು ತೋರಿಸಿತು. ಕಾಗದದ ಮೇಲೆ ಹೇಗೆ ಕಾಣುವುದೋ ಪರದೆಯ ಮೇಲೆಯೂ ಹಾಗೆಯೇ ಕಾಣಬೇಕೆಂಬುದು ಅಲ್ಲಿಂದ ಮುಂದೆ ವಾಡಿಕೆಯಾಯಿತು. 1990ರ ದಶಕದ ಕೊನೆಯಲ್ಲಿ ನಾವು ಮೊದಲ ಬಾರಿಗೆ ಕಂಪ್ಯೂಟರಿನ ಎದುರು ಕುಳಿತಾಗ ನಮಗೆ ದೊರೆತದ್ದು ಹಳೆಯ ಕರಿಯ ಪರದೆಯೇ. ಅದರ ಬಿಳಿಯ ಅಕ್ಷರಗಳನ್ನು ಕಂಡು, ಇದೇನು, ಸ್ಲೇಟಿಗೆ ವಿದ್ಯುತ್ತು ಕೊಟ್ಟಿದ್ದಾರೆ ಎಂದು ಗೆಳತಿಯರೊಡನೆ ನಕ್ಕದ್ದು ನೆನಪಿದೆ.

ಮುಂದೆ ಇಪ್ಪತ್ತು ವರ್ಷಗಳು ಕಳೆಯುವಷ್ಟರಲ್ಲಿ ಕಪ್ಪು ಪುನಃ ಬಂದಿತು. 2018ರಲ್ಲಿ ಆಪಲ್ ಕಂಪೆನಿಯ ಕಂಪ್ಯೂಟರುಗಳಿಗೂ, 2019ರಲ್ಲಿ ಆಂಡ್ರಾಯ್ಡ್ ಮತ್ತು ಐಫೋನುಗಳಿಗೂ ‘ಡಾರ್ಕ್ ಮೋಡ್’ ಎಂಬ ಏರ್ಪಾಡು ಸೇರಿತು. 2020ರ ಮಾರ್ಚಿ ತಿಂಗಳಲ್ಲಿ ವಾಟ್ಸಾಪಿನಲ್ಲಿಯೂ ಅದು ಕಾಣಿಸಿತು. ಅದೇ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳ ಬಾಗಿಲು ಮುಚ್ಚಿದುವು. ಮುಂದಿನ ಪಾಠಗಳೆಲ್ಲ ಮೊಬೈಲಿನೊಳಗೆ ಹೊಕ್ಕುವು. ತಾಯ್ತಂದೆಗಳು ದಿನವೂ ನಮಗೆ ಫೋನು ಮಾಡಿ, ಮಕ್ಕಳ ಕಣ್ಣು ಉರಿಯುತ್ತದೆ, ತಲೆ ನೋಯುತ್ತದೆ, ಏನು ಮಾಡೋಣ ಎಂದು ಕೇಳತೊಡಗಿದರು. ಯಾರೋ ಕಳುಹಿಸಿದ ಸಂದೇಶದಲ್ಲಿ, ಪರದೆಯನ್ನು ಕಪ್ಪು ಮಾಡಿದರೆ ಕಣ್ಣಿಗೆ ಆಯಾಸವಿಲ್ಲವೆಂದು ಓದಿದೆವು. ಅದನ್ನು ವಿಚಾರಿಸದೆ, ಯಾವ ವೈದ್ಯರನ್ನೂ ಕೇಳದೆ, ಶಾಲೆಯ ಹೆಸರಿನಲ್ಲಿ ಎಲ್ಲ ಮನೆಗಳಿಗೂ ಒಂದು ಪ್ರಕಟಣೆಯನ್ನು ಕಳುಹಿಸಿದೆವು: “ಮಕ್ಕಳು ಓದುವ ಮೊಬೈಲಿನ ಪರದೆಯನ್ನು ಕಪ್ಪಿಗೆ ಬದಲಾಯಿಸಿರಿ, ಇದರಿಂದ ಕಣ್ಣಿನ ತೊಂದರೆಯು ಪರಿಹಾರವಾಗುವುದು.” ಈ ವಾಕ್ಯವನ್ನು ಬರೆದವರು ನಾವೇ. ಅದರ ಕೆಳಗೆ ನಮ್ಮದೇ ರುಜುವಿತ್ತು.

2021ರಲ್ಲಿ ಮಳೆಗಾಲದ ಕೊನೆಗೆ ಶಾಲೆಯು ಮತ್ತೆ ತೆರೆಯಿತು. ಒಂಬತ್ತನೆಯ ತರಗತಿಗೆ ಕನ್ನಡ ಪಾಠವನ್ನು ಹೇಳುವುದು ನಮ್ಮ ಪಾಲಿನ ಕೆಲಸವಾಗಿತ್ತು. ಆ ತರಗತಿಯಲ್ಲಿ ಒಬ್ಬ ಹುಡುಗಿ, ಹಿಂದೆ ಚೆನ್ನಾಗಿ ಓದುತ್ತಿದ್ದವಳು, ಹೆಚ್ಚು ತಪ್ಪುಗಳನ್ನು ಬರೆಯಲಾರಂಭಿಸಿದ್ದಳು. ತಪ್ಪುಗಳೆಲ್ಲ ಒಂದೇ ಜಾತಿಯವು. ‘ಧನ’ವೆಂಬಲ್ಲಿ ‘ದನ’, ‘ಭಾರ’ವೆಂಬಲ್ಲಿ ‘ಬಾರ’, ‘ಫಲ’ವೆಂಬಲ್ಲಿ ‘ಪಲ’. ಒತ್ತಕ್ಷರಗಳಲ್ಲಿಯೂ ಗೊಂದಲವಿತ್ತು. ಮನೆಯಲ್ಲಿ ಮೊಬೈಲನ್ನು ನೋಡಿ ಬರೆದ ಪುಸ್ತಕದಲ್ಲಂತೂ ಇಡೀ ಪುಟಗಳು ಕೆಂಪು ಮಸಿಯಿಂದ ತುಂಬಿದ್ದುವು. ನಾವು ಇದನ್ನು ಅಲಕ್ಷ್ಯವೆಂದೇ ತಿಳಿದೆವು. “ವರ್ಷವೆಲ್ಲ ಮನೆಯಲ್ಲಿ ಕುಳಿತು ಮಹಾಪ್ರಾಣವನ್ನು ಮರೆತೆಯೇನಮ್ಮಾ?” ಎಂದು ತರಗತಿಯ ಎದುರಿಗೆ ಹಾಸ್ಯ ಮಾಡಿದೆವು. ಹುಡುಗಿಯರು ನಕ್ಕರು. ಅವಳು ತಲೆ ತಗ್ಗಿಸಿದಳು. ‘ಧನ’ವನ್ನು ಐವತ್ತು ಸಾರಿ ಬರೆದುಕೊಂಡು ಬರಬೇಕೆಂದು ಆಜ್ಞಾಪಿಸಿದೆವು. ಮರುದಿನ ಅವಳು ಬರೆದು ತಂದಳು, ಐವತ್ತೂ ಸರಿಯಾಗಿದ್ದುವು. ಅದನ್ನು ಕಂಡಾದರೂ ನಮಗೆ ಬುದ್ಧಿ ಬರಬೇಕಾಗಿತ್ತು. ಅಕ್ಷರವನ್ನು ಬಲ್ಲವಳು, ನೋಡಿ ಬರೆಯುವಾಗ ಮಾತ್ರ ಏಕೆ ತಪ್ಪುತ್ತಾಳೆಂದು ನಾವು ಯೋಚಿಸಲಿಲ್ಲ.

ಒಂದು ತಿಂಗಳಾದ ಮೇಲೆ ಅವಳ ತಾಯಿಯನ್ನು ಕರೆಯಿಸಿದೆವು. ಮನೆಮನೆಗಳಲ್ಲಿ ಕೆಲಸ ಮಾಡಿ ಮಗಳನ್ನು ಓದಿಸುತ್ತಿರುವ ತಾಯಿ. ಆಕೆ ಅಂಗಳದ ಮೆಟ್ಟಿಲಲ್ಲಿಯೇ ನಿಂತು ಹೇಳಿದಳು: “ಸಂಜೆಯಾದರೆ ತಲೆನೋವು ಅಂತ ಅಳ್ತಾಳೆ, ಟೀಚರೇ. ಕಣ್ಣಿನ ಡಾಕ್ಟರಿಗೆ ತೋರಿಸೋಣ ಅಂತ ಹೋದ ವರ್ಷವೇ ಅಂದುಕೊಂಡಿದ್ದೆ. ಆಮೇಲೆ ನಿಮ್ಮ ಚೀಟಿ ಬಂತಲ್ಲ, ಮೊಬೈಲು ಕಪ್ಪು ಮಾಡಿ, ಸರಿಹೋಗ್ತದೆ ಅಂತ. ಅಂದೇ ಮಾಡಿಸಿದೆ. ದುಡ್ಡೂ ಉಳೀತು, ಇನ್ನು ಭಯವಿಲ್ಲ ಅಂತ ಸುಮ್ಮನಾದೆ.”

ಆಕೆಯ ಮಾತಿನಲ್ಲಿ ದೂರಿರಲಿಲ್ಲ. ನಮ್ಮ ಮೇಲಿನ ನಂಬಿಕೆಯೇ ಇತ್ತು. ಅದಕ್ಕೆ ಕೊಡತಕ್ಕ ಉತ್ತರವು ನಮ್ಮಲ್ಲಿರಲಿಲ್ಲ. ಅದೇ ಶನಿವಾರ ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ನೇತ್ರವೈದ್ಯರ ಬಳಿಗೆ ಹೋದೆವು. ಹುಡುಗಿಗೆ ಸಮೀಪದೃಷ್ಟಿಯೂ ಇತ್ತು, ಅದರೊಂದಿಗೆ ಅಸ್ಟಿಗ್ಮ್ಯಾಟಿಸಂ ಎಂಬ ದೋಷವೂ ಇತ್ತು. ವೈದ್ಯರು ನಮ್ಮ ಪ್ರಕಟಣೆಯ ವಿಷಯವನ್ನು ಕೇಳಿ ಸಿಟ್ಟಾಗಲಿಲ್ಲ. ಮೇಜಿನ ಮೇಲಿದ್ದ ಕಾಗದವನ್ನು ತೆಗೆದುಕೊಂಡು ಚಿತ್ರ ಬರೆದು ನಮಗೆ ಪಾಠ ಹೇಳಿದರು. ಉಪಾಧ್ಯಾಯಿನಿಗೆ ವಿದ್ಯಾರ್ಥಿನಿಯಾಗುವ ಸಂದರ್ಭವು ಹೀಗೆ ಒದಗಿತು. ಅಂದು ಕೇಳಿದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಕಣ್ಣಿನ ನಡುವೆ ಕಾಣುವ ಪಾಪೆಯು ಬೆಳಕಿನಲ್ಲಿ ಕಿರಿದಾಗುತ್ತದೆ, ಕತ್ತಲಲ್ಲಿ ಹಿರಿದಾಗುತ್ತದೆ. ಕಿರಿದಾದ ಕಂಡಿಯಿಂದ ನೋಡಿದರೆ ವಸ್ತುವು ಹೆಚ್ಚು ಸ್ಪಷ್ಟವಾಗಿ ಕಾಣುವುದು. ದೃಷ್ಟಿ ಮಂದವಾದವರು ಕಣ್ಣನ್ನು ಕಿರಿದು ಮಾಡಿ ದೂರದ ಬಸ್ಸಿನ ಫಲಕವನ್ನು ಓದುವುದು ಇದಕ್ಕಾಗಿಯೇ. ಪರದೆಯು ಬಿಳುಪಾಗಿದ್ದರೆ ಅದರ ಬೆಳಕಿಗೆ ಪಾಪೆಯು ಸಂಕೋಚಗೊಳ್ಳುತ್ತದೆ. ಅಕ್ಷರದ ಅಂಚು ತೀಕ್ಷ್ಣವಾಗುತ್ತದೆ. ಪರದೆಯು ಕಪ್ಪಾಗಿದ್ದರೆ ಪಾಪೆಯು ಅಗಲವಾಗುತ್ತದೆ. ಆಗ ಕಣ್ಣಿನ ಮಸೂರದಲ್ಲಿಯೂ ಅದರ ಮುಂದಣ ಗಾಜಿನಂಥ ಕಾರ್ನಿಯಾದಲ್ಲಿಯೂ ಇರುವ ಸಣ್ಣ ಸಣ್ಣ ಕುಂದುಗಳೆಲ್ಲ ಹೊರಬೀಳುತ್ತವೆ. ಅಸ್ಟಿಗ್ಮ್ಯಾಟಿಸಂ ಇರುವವರ ಕಾರ್ನಿಯಾವು ಸಾಮಾನ್ಯವಾಗಿ ಎಲ್ಲ ದಿಕ್ಕಿಗೂ ಸಮನಾಗಿ ದುಂಡಗಿರದೆ ಒಂದು ದಿಕ್ಕಿಗೆ ಹೆಚ್ಚಾಗಿ ಬಾಗಿರುತ್ತದೆ. ಅಂಥವರಿಗೆ ಬೆಳಕಿನ ಒಂದು ಚುಕ್ಕೆಯು ಚುಕ್ಕೆಯಾಗಿ ಕಾಣದೆ ಎಳೆದಂತೆ ಕಾಣುತ್ತದೆ. ಕಪ್ಪಿನ ಮೇಲೆ ಹೊಳೆಯುವ ಬಿಳಿಯ ಅಕ್ಷರವು ತನ್ನ ಮೇರೆಯನ್ನು ಮೀರಿ ಮಂಜಿನಲ್ಲಿ ಕಾಣುವ ದೀಪದಂತೆ ಸುತ್ತಲೂ ಹರಡುತ್ತದೆ.

ಈಗ ನಮ್ಮ ಕನ್ನಡದ ಲಿಪಿಯನ್ನು ನೆನೆಯಿರಿ. ‘ದ’ಕಾರಕ್ಕೂ ‘ಧ’ಕಾರಕ್ಕೂ ಭೇದವೇನು? ತಳದಲ್ಲಿ ಒಂದು ಸಣ್ಣ ಸೀಳು. ‘ಬ’ ‘ಭ’ಗಳಿಗೂ, ‘ಪ’ ‘ಫ’ಗಳಿಗೂ ಅಷ್ಟೇ. ‘ಧ’ಕ್ಕೂ ‘ಥ’ಕ್ಕೂ ನಡುವೆ ಒಂದು ಚುಕ್ಕೆಯೇ ಅಂತರ. ಒತ್ತಕ್ಷರಗಳಾದರೋ ಸಾಲಿನ ಕೆಳಗೆ ಅರ್ಧ ಗಾತ್ರದಲ್ಲಿ ಮುದುಡಿಕೊಂಡಿರುತ್ತವೆ. ಬೆರಳಗಲದ ಸಾಲುಗಳಲ್ಲಿ ಇಷ್ಟು ಸೂಕ್ಷ್ಮವಾದ ಗುರುತುಗಳನ್ನು ಹೊತ್ತಿರುವ ಲಿಪಿಯಲ್ಲಿ ಅಕ್ಷರದ ಬೆಳಕು ಕೂದಲೆಳೆಯಷ್ಟು ಹರಡಿದರೂ ಸೀಳು ಮುಚ್ಚಿಹೋಗುತ್ತದೆ, ಧನವು ದನವಾಗುತ್ತದೆ. ನಮ್ಮ ಹುಡುಗಿಯು ತಾನು ಕಂಡದ್ದನ್ನು ಕಂಡಂತೆಯೇ ಬರೆದಿದ್ದಳು. ನಾವು ಕೆಂಪು ಮಸಿಯಿಂದ ಗುರುತಿಸಿದ್ದು ಅವಳ ಕಾಗುಣಿತದ ತಪ್ಪನ್ನಲ್ಲ, ಅವಳ ಕಣ್ಣಿನ ಕಷ್ಟವನ್ನು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ನ್ಯಾಯ. ಕಪ್ಪು ಪರದೆಯು ಅವಳ ಕಣ್ಣನ್ನು ಕೆಡಿಸಿತೆಂದು ವೈದ್ಯರು ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಬಿಳಿಯ ಪರದೆಯಲ್ಲಿ ಓದಿದ್ದರೂ ಅವಳಿಗೆ ಕನ್ನಡಕವು ಬೇಕೇ ಆಗುತ್ತಿತ್ತು. ನಮ್ಮ ತಪ್ಪು ಬೇರೆಯದು. ಪರಿಹಾರವಲ್ಲದ್ದನ್ನು ಪರಿಹಾರವೆಂದು ಹೇಳಿ, ಒಂದು ತಾಯಿಯನ್ನು ವೈದ್ಯರ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದ ತಪ್ಪು ಅದು.

ಈ ವಿಷಯದಲ್ಲಿ ವಿದ್ವಾಂಸರು ಪರೀಕ್ಷೆಗಳನ್ನು ನಡೆಸಿದ್ದಾರೆ. ಜರ್ಮನಿ ದೇಶದ ಡ್ಯೂಸೆಲ್‌ಡಾರ್ಫಿನ ವಿಶ್ವವಿದ್ಯಾನಿಲಯದವರು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಎಳೆಯರೂ ವೃದ್ಧರೂ ಬಿಳುಪಿನ ಮೇಲಣ ಕಪ್ಪು ಅಕ್ಷರಗಳನ್ನೇ ಹೆಚ್ಚು ಸ್ಪಷ್ಟವಾಗಿ ಕಂಡರು. ಕರಡು ತಿದ್ದುವ ಕೆಲಸವನ್ನೂ ಅದರಲ್ಲಿಯೇ ಮೇಲಾಗಿ ಮಾಡಿದರು. ಮರುವರ್ಷದ ಅಧ್ಯಯನದಲ್ಲಿ ಬಿಳಿಯ ಪರದೆಯ ಮುಂದೆ ಪಾಪೆಯು ಕಿರಿದಾಗುವುದನ್ನು ಅಳೆದು ತೋರಿಸಿದರು. ಕಪ್ಪಿನ ಪಕ್ಷದಲ್ಲಿಯೂ ಒಂದು ಸಂಗತಿಯಿದೆ. ಅದೇ ದೇಶದ ಟ್ಯೂಬಿಂಗನ್ನಿನಲ್ಲಿ 2018ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಒಂದು ಗಂಟೆಯ ಕಾಲ ಬಿಳುಪಿನ ಮೇಲೆ ಕಪ್ಪು ಅಕ್ಷರವನ್ನು ಓದಿದವರ ಕಣ್ಣಿನ ಹಿಂಬದಿಯ ಒಂದು ಪದರವು ತುಸು ತೆಳ್ಳಗಾಯಿತು. ಕಪ್ಪಿನ ಮೇಲೆ ಬಿಳುಪನ್ನು ಓದಿದಾಗ ಅದು ತುಸು ದಪ್ಪವಾಯಿತು. ಆ ಪದರವು ತೆಳ್ಳಗಾಗುವುದಕ್ಕೂ ಸಮೀಪದೃಷ್ಟಿ ಬೆಳೆಯುವುದಕ್ಕೂ ಸಂಬಂಧವಿದೆ. ಆದರೆ ಪರೀಕ್ಷೆಗೆ ಒಳಗಾದವರು ಕೆಲವೇ ಮಂದಿ, ಕಾಲವೂ ಅಲ್ಪ. ಇದೊಂದರಿಂದಲೇ ಮಕ್ಕಳ ಪರದೆಯ ಬಣ್ಣವನ್ನು ನಿರ್ಣಯಿಸುವುದು ಆತುರವಾದೀತು. ನಾವು ಒಮ್ಮೆ ಆತುರಪಟ್ಟದ್ದು ಸಾಕು.

ಸ್ಲೇಟಿನ ಮೇಲೆ ಓದಿ ಬೆಳೆದ ನಮಗೇಕೆ ತೊಂದರೆಯಾಗಲಿಲ್ಲವೆಂದು ಯಾರಾದರೂ ಕೇಳಬಹುದು. ಸ್ಲೇಟೂ ಕರಿಹಲಗೆಯೂ ತಾವಾಗಿ ಬೆಳಗುವ ವಸ್ತುಗಳಲ್ಲ. ಹಗಲು ಹೊತ್ತಿನಲ್ಲಿ, ಕಿಟಕಿಯ ಬೆಳಕಿನಲ್ಲಿ ಅವನ್ನು ಓದುತ್ತಿದ್ದೆವು. ಸುತ್ತಲೂ ಬೆಳಕಿದ್ದುದರಿಂದ ಪಾಪೆಯು ಕಿರಿದಾಗಿಯೇ ಇರುತ್ತಿತ್ತು. ಸ್ಲೇಟಿನ ಅಕ್ಷರವು ಹೆಬ್ಬೆರಳಿನಷ್ಟು, ಹಲಗೆಯ ಅಕ್ಷರವು ಅಂಗೈಯಷ್ಟು ದೊಡ್ಡದು. ದೀಪವಾರಿಸಿದ ಕೋಣೆಯಲ್ಲಿ, ಹಾಸಿಗೆಯಲ್ಲಿ ಮಲಗಿ, ಮೂಗಿನ ಹತ್ತಿರ ಹಿಡಿದ ಮೊಬೈಲಿನ ಎಳ್ಳಿನ ಗಾತ್ರದ ಅಕ್ಷರಕ್ಕೂ ಇವಕ್ಕೂ ಏನು ಹೋಲಿಕೆ?

ಕಪ್ಪು ಯಾರಿಗೂ ಸಲ್ಲದೆಂದು ಇದರಿಂದ ತಿಳಿಯಬಾರದು. ನಮಗೆ ವಿದ್ಯೆ ಕಲಿಸಿದ ನಿವೃತ್ತ ಉಪಾಧ್ಯಾಯಿನಿಯೊಬ್ಬರಿಗೆ ಕಣ್ಣಿನಲ್ಲಿ ಪೊರೆ ಬೆಳೆದಿತ್ತು. ಬಿಳಿಯ ಪರದೆಯು ಅವರಿಗೆ ಬಿಸಿಲಿಗೆ ಹಿಡಿದ ಕನ್ನಡಿಯಂತೆ ಕುಕ್ಕುತ್ತಿತ್ತು. ಪರದೆಯನ್ನು ಕಪ್ಪು ಮಾಡಿ ಅಕ್ಷರವನ್ನು ದೊಡ್ಡದು ಮಾಡಿ ಕೊಟ್ಟ ಮೇಲೆ, ಶಸ್ತ್ರಚಿಕಿತ್ಸೆಯಾಗುವವರೆಗೂ ಅವರು ಸುಖವಾಗಿ ಓದಿದರು. ಮಸೂರವು ಮಬ್ಬಾದವರಿಗೆ ಬಿಳಿಯ ಹಾಳೆಯ ಬೆಳಕೆಲ್ಲ ಕಣ್ಣಿನೊಳಗೆ ಚೆದರುವುದರಿಂದ ಕಪ್ಪು ಹಿನ್ನೆಲೆಯೇ ಓದುವುದಕ್ಕೆ ಅನುಕೂಲವೆಂಬುದನ್ನು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾನಿಲಯದ ಗಾರ್ಡನ್ ಲೆಗ್ಗೆ ಎಂಬ ವಿದ್ವಾಂಸರೂ ಅವರ ಸಹೋದ್ಯೋಗಿಗಳೂ 1985ರಲ್ಲಿಯೇ ತೋರಿಸಿದ್ದರು. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, “ಟೀಚರ್, ನಾನು ದಿನಕ್ಕೆ ಹತ್ತು ಗಂಟೆ ಕಪ್ಪು ಪರದೆಯಲ್ಲೇ ಕೆಲಸ ಮಾಡುತ್ತೇನೆ, ಅದನ್ನು ಬಿಡು ಅನ್ನಬೇಡಿ” ಎಂದು ಬರೆದಳು. ಬಿಡಬೇಕಾದ ಕಾರಣವಿಲ್ಲವೆಂದೂ, ಕಣ್ಣಿನ ಪರೀಕ್ಷೆಯಾಗಿ ಎಷ್ಟು ವರ್ಷವಾಯಿತೆಂಬುದನ್ನು ಮಾತ್ರ ತಿಳಿಸಬೇಕೆಂದೂ ಉತ್ತರಿಸಿದೆವು. ಪ್ರತ್ಯುತ್ತರ ಬರಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಅವಳು ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಳು.

ಇನ್ನು ಕಣ್ಣಿನ ಆಯಾಸದ ಬಹುಭಾಗಕ್ಕೆ ಬಣ್ಣವು ಕಾರಣವೇ ಅಲ್ಲ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು ಹದಿನೈದು ಸಲ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಅದು ಅರ್ಧಕ್ಕೂ ಕಡಿಮೆಯಾಗುವುದುಂಟು. ರೆಪ್ಪೆಯು ಮುಚ್ಚಿದಾಗಲೆಲ್ಲ ಕಣ್ಣಿನ ಮೇಲೆ ಕಣ್ಣೀರಿನ ತೆಳುವಾದ ಲೇಪವಾಗುತ್ತದೆ. ಅದು ತಪ್ಪಿದರೆ ಕಣ್ಣು ಒಣಗಿ ಉರಿಯುತ್ತದೆ. ಕಪ್ಪು ಪರದೆಯನ್ನು ದಿಟ್ಟಿಸಿದರೂ ಒಣಗುವುದು ತಪ್ಪದು. ಹತ್ತಿರದ ವಸ್ತುವನ್ನು ಬಹಳ ಹೊತ್ತು ನೋಡಿದರೆ ಮಸೂರವನ್ನು ಹಿಡಿದಿರುವ ಸ್ನಾಯುವು ಬಿಗಿದೇ ಇದ್ದು ನೋಯುತ್ತದೆ. ಅದಕ್ಕೂ ಬಣ್ಣದ ಹಂಗಿಲ್ಲ. ನೀಲಿ ಬೆಳಕನ್ನು ತಡೆಯುವ ಕನ್ನಡಕವೆಂದು ಅಂಗಡಿಗಳಲ್ಲಿ ಹೆಚ್ಚಿನ ಬೆಲೆಗೆ ಮಾರುವ ಸರಕಿನ ವಿಷಯದಲ್ಲಿಯೂ ತಾಯ್ತಂದೆಗಳು ಎಚ್ಚರದಿಂದಿರಬೇಕು. 2023ರಲ್ಲಿ ಕಾಕ್ರೇನ್ ಸಂಸ್ಥೆಯವರು 17 ಪರೀಕ್ಷೆಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿದಾಗ, ಸಾಮಾನ್ಯ ಕನ್ನಡಕಕ್ಕಿಂತ ಅದರಿಂದ ಕಣ್ಣಿನ ಆಯಾಸವು ಕಡಿಮೆಯಾಗುವಂತೆ ಕಂಡುಬರಲಿಲ್ಲ.

ನಮ್ಮ ಸ್ವಂತದ ಮಾತನ್ನೂ ಹೇಳಿಬಿಡುತ್ತೇವೆ. ಶಾಲೆಯ ಗ್ರಂಥಾಲಯದಲ್ಲಿ 1894ರಲ್ಲಿ ಮೊದಲು ಅಚ್ಚಾದ ಕಿಟ್ಟೆಲರ ನಿಘಂಟಿನ ಒಂದು ಪ್ರತಿಯಿದೆ. ನಲವತ್ತಮೂರನೆಯ ವಯಸ್ಸಿನಲ್ಲಿ ಒಂದು ದಿನ ಅದರ ಒತ್ತಕ್ಷರಗಳು ನಮಗೆ ಇರುವೆಯ ಸಾಲಿನಂತೆ ಕಂಡುವು. ಕಾಗದವು ಹಳೆಯದಾಗಿ ಮಾಸಿತೆಂದು ಎಣಿಸಿದೆವು. ಮೊಬೈಲಿನ ಅಕ್ಷರವೂ ಮಸುಕಾದಾಗ ಪರದೆಯನ್ನು ಕಪ್ಪು ಮಾಡಿದೆವು, ಬಿಳುಪು ಮಾಡಿದೆವು, ಮತ್ತೆ ಕಪ್ಪು ಮಾಡಿದೆವು. ಅಂದು ಆ ಹುಡುಗಿಯೊಡನೆ ಹೋದಾಗ ವೈದ್ಯರು ನಮ್ಮನ್ನೂ ಕುರ್ಚಿಯಲ್ಲಿ ಕೂರಿಸಿ ನೋಡಿ, “ನಿಮಗೆ ಚಾಳೀಸು ಬಂದಿದೆ, ಅಮ್ಮಾ” ಎಂದು ನಕ್ಕರು. ನಿಘಂಟಿನ ಕಾಗದವು ಮಾಸಿರಲಿಲ್ಲ.

ಆ ಹುಡುಗಿಗೆ ಕನ್ನಡಕವು ಬಂದ ಸೋಮವಾರ ನಾವು ತರಗತಿಗೆ ಹೋಗಿ, ಹಾಸ್ಯ ಮಾಡಿದ ಅದೇ ಸ್ಥಳದಲ್ಲಿ ನಿಂತು, ಎಲ್ಲರ ಎದುರಿಗೆ ಅವಳ ಕ್ಷಮೆ ಕೇಳಿದೆವು. ಹಾಗೆ ಕೇಳುವುದು ಸುಲಭವಾಗಿರಲಿಲ್ಲ. ಕೇಳದೆ ಇರುವುದು ಇನ್ನೂ ಕಷ್ಟವಾಗುತ್ತಿತ್ತು. ಪಾಠ ಮುಗಿದ ಮೇಲೆ ಬೇರೆ ಇಬ್ಬರು ಹುಡುಗಿಯರು ಮೆಲ್ಲನೆ ಹತ್ತಿರ ಬಂದು, “ಟೀಚರ್, ನಮಗೂ ಹಲಗೆ ಸರಿಯಾಗಿ ಕಾಣುವುದಿಲ್ಲ” ಎಂದರು. ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಕೇಳಿದಾಗ ಒಬ್ಬಳು, “ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದುಕೊಂಡಿದ್ದೆ” ಎಂದಳು. ತಾಯ್ತಂದೆಗಳು ಈ ಮಾತನ್ನು ಮನಸ್ಸಿನಲ್ಲಿಡಬೇಕು. ಮಗುವಿಗೆ ಬೇರೆಯವರ ಕಣ್ಣಿನಿಂದ ನೋಡಿ ಗೊತ್ತಿಲ್ಲ. ತನಗೆ ಕಾಣುವ ಮಬ್ಬು ಲೋಕವನ್ನೇ ಅದು ಲೋಕವೆಂದು ತಿಳಿಯುತ್ತದೆ.

ಅಂದಿನಿಂದ ನಮ್ಮ ಶಾಲೆಯಲ್ಲಿ ಒಂದು ಏರ್ಪಾಡು ನಡೆದುಬಂದಿದೆ. ಪ್ರತಿ ಜೂನ್ ತಿಂಗಳಲ್ಲಿ ಕೆಳಗಣ ಜಗಲಿಯ ಗೋಡೆಗೆ ಕಣ್ಣಿನ ಪರೀಕ್ಷೆಯ ಅಕ್ಷರಪಟವನ್ನು ತೂಗುಹಾಕಿ, ಆರು ಮೀಟರು ದೂರದಲ್ಲಿ ನೆಲಕ್ಕೆ ಒಂದು ಬಿಳಿಯ ಗೆರೆಯನ್ನು ಎಳೆಯುತ್ತೇವೆ. ಪ್ರತಿಯೊಬ್ಬ ಹುಡುಗಿಯೂ ಆ ಗೆರೆಯ ಮೇಲೆ ನಿಂತು, ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ ಓದುತ್ತಾಳೆ. ಓದಲು ತಡವರಿಸಿದವಳ ಮನೆಗೆ ಅದೇ ದಿನ ಚೀಟಿ ಹೋಗುತ್ತದೆ. ಇದು ವೈದ್ಯರ ಪರೀಕ್ಷೆಗೆ ಬದಲಲ್ಲ. ಅಲ್ಲಿಗೆ ಹೋಗುವ ದಾರಿಯನ್ನು ತೋರಿಸುವ ಕೈಮರ ಮಾತ್ರ. ಆಟದ ಅವಧಿಯನ್ನು ಗಣಿತಕ್ಕೂ ವಿಜ್ಞಾನಕ್ಕೂ ಎರವಲು ಕೊಡುವ ಹಳೆಯ ಪದ್ಧತಿಯನ್ನೂ ನಿಲ್ಲಿಸಿದ್ದೇವೆ. ಚೀನಾ ದೇಶದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಂದನೆಯ ತರಗತಿಯ ಮಕ್ಕಳನ್ನು ಶಾಲಾದಿನಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಕರೆದೊಯ್ದರು. ಮೂರು ವರ್ಷಗಳಲ್ಲಿ ಅವರ ಪೈಕಿ ಶೇಕಡಾ 30.4 ಮಂದಿಗೆ ಸಮೀಪದೃಷ್ಟಿಯುಂಟಾಯಿತು. ಹಾಗೆ ಕರೆದೊಯ್ಯದ ಶಾಲೆಗಳಲ್ಲಿ ಶೇಕಡಾ 39.5 ಮಂದಿಗೆ ಉಂಟಾಯಿತು. ಬಯಲಿನ ಬೆಳಕಿಗೆ ಬೆಲೆಯಿಲ್ಲ. ಅದಕ್ಕೆ ನಾವು ಕೊಡಬೇಕಾದುದು ಸಮಯ ಮಾತ್ರ.

ಕೊನೆಯಲ್ಲಿ, ನಮ್ಮ ಹಿಂದಣ ಪ್ರಕಟಣೆಯನ್ನು ಹಿಂತೆಗೆದುಕೊಂಡು, ಅದರ ಸ್ಥಾನದಲ್ಲಿ ಈ ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತೇವೆ. ಹಗಲಿನಲ್ಲಿಯೂ, ದೀಪವಿರುವ ಕೋಣೆಯಲ್ಲಿಯೂ ಹೆಚ್ಚು ಹೊತ್ತು ಓದುವವರಿಗೆ ಬಿಳುಪಿನ ಮೇಲೆ ಕಪ್ಪು ಅಕ್ಷರವೇ ಸಾಮಾನ್ಯವಾಗಿ ಲೇಸು. ಆದರೆ ಪರದೆಯ ಹೊಳಪು ಸುತ್ತಣ ಬೆಳಕಿಗೆ ಸರಿಯಾಗಿರಲಿ, ಪಕ್ಕದಲ್ಲಿಟ್ಟ ಬಿಳಿಯ ಕಾಗದಕ್ಕಿಂತ ಅದು ಹೆಚ್ಚಾಗಿ ಉರಿಯದಿರಲಿ. ರಾತ್ರಿಯಲ್ಲಿ ಕಪ್ಪು ಹಿತವೆನಿಸಿದರೆ ಬಳಸಬಹುದು. ಅದಕ್ಕಿಂತ ಮೊದಲು ಕೋಣೆಯಲ್ಲಿ ಒಂದು ದೀಪವನ್ನು ಹಚ್ಚಿರಿ. ಕನ್ನಡವನ್ನು ಓದುವಾಗ ಒತ್ತಕ್ಷರವು ಸ್ಪಷ್ಟವಾಗಿ ಕಾಣುವಷ್ಟು ಅಕ್ಷರವನ್ನು ದೊಡ್ಡದು ಮಾಡಿರಿ. ಕಂಪ್ಯೂಟರಿನ ಪರದೆಯು ಕೈ ಚಾಚಿದಷ್ಟು ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿಗಳಾಚೆಯ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡಿರಿ. ಅಂಗಳದ ತೆಂಗಿನ ಮರವಾದರೂ ಆದೀತು. ಇಷ್ಟೆಲ್ಲ ಮಾಡಿದ ಮೇಲೆಯೂ ತಲೆ ನೋಯುತ್ತಿದ್ದರೆ, ಮಗುವು ಪುಸ್ತಕವನ್ನು ಮೂಗಿಗೆ ತಗುಲಿಸಿ ಓದುತ್ತಿದ್ದರೆ, ನೋಡಿ ಬರೆಯುವಾಗ ತಪ್ಪುತ್ತಿದ್ದರೆ, ಬಣ್ಣ ಬದಲಾಯಿಸುವುದನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿರಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಪ್ರಾರ್ಥನೆ. ನಿಮ್ಮಲ್ಲಿ ಅನೇಕರು ಇಂದು ದಿನವೆಲ್ಲ ಪರದೆಯ ಮುಂದೆ ದುಡಿಯುವವರು. ಕೆಲವರು ದಾದಿಯರು, ಕೆಲವರು ವೈದ್ಯರು. ಜೂನ್ ತಿಂಗಳ ಆ ಒಂದು ದಿನ ಜಗಲಿಯ ಗೆರೆಯ ಬಳಿ ನಿಂತು ನಮಗೆ ಸಹಾಯ ಮಾಡಬಲ್ಲವರು ಬರಬೇಕು. ಕನ್ನಡಕದ ವೆಚ್ಚವನ್ನು ಹೊರಲಾರದ ಮನೆಗಳೂ ನಮ್ಮಲ್ಲಿವೆ. ಆ ಭಾರವನ್ನು ಹೊರಬಲ್ಲವರು ನಮಗೆ ತಿಳಿಸಿದರೆ ಮಗುವಿಗೂ ದಾನಿಗೂ ಸಂಕೋಚವಾಗದಂತೆ ನಡೆಸಿಕೊಡುತ್ತೇವೆ.

ಆ ಹುಡುಗಿಯು 2023ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ ಮುಂದಿನ ಓದಿಗೆ ಹೋದಳು. ಶಾಲೆಯನ್ನು ಬಿಡುವ ದಿನ ಒಂದು ಕಾಗದವನ್ನು ನಮ್ಮ ಮೇಜಿನ ಮೇಲಿಟ್ಟು ಹೋಗಿದ್ದಳು. ಅದರಲ್ಲಿ ‘ಧನ್ಯವಾದಗಳು, ಟೀಚರ್’ ಎಂದಷ್ಟೇ ಇತ್ತು. ‘ಧ’ಕಾರದ ಸೀಳನ್ನು ಮಾತ್ರ ಬೇಕೆಂದೇ ಎರಡರಷ್ಟು ಉದ್ದವಾಗಿ ಎಳೆದಿದ್ದಳು. ಆ ಕಾಗದವನ್ನು ನಾವು ಕಿಟ್ಟೆಲರ ನಿಘಂಟಿನೊಳಗೆ ಇಟ್ಟುಕೊಂಡಿದ್ದೇವೆ. ಯಾವ ಮಗುವಿನ ಪುಸ್ತಕದಲ್ಲಾದರೂ ಕೆಂಪು ಮಸಿಯಿಂದ ಗುರುತು ಮಾಡುವ ಮುನ್ನ ಅದು ನಮ್ಮ ನೆನಪಿಗೆ ಬರುತ್ತದೆ.

ನಿಮಗೂ ನಿಮ್ಮ ಮನೆಯ ಮಕ್ಕಳಿಗೂ ಶುಭವಾಗಲಿ.